ತುದಿಯಲ್ಲಿ ಬದಲಾದ ಡಬ್ಬಿ

“ತುದಿ ಮುಟ್ಟೋ ತನಕಾ ಡಬ್ಬಿ ಅನ್ನೋ ಶಬ್ದ ನಿಮ್ಮ ಬಾಯಿಂದ ಬರಬಾರದು ನೋಡ್ರಿ,” ಎಂದು ನನ್ನ ಹೆಂಡತಿ ವಿಜಯಲಕ್ಷ್ಮೀ ಕಿವಿಯ ಹತ್ತಿರ ಬಂದು ಹೇಳಿದಳು.

ನನ್ನ ಬಾಯಿಂದ ಶಬ್ದ ಬರುವ ಸ್ಥಿತಿಯೇ ಇರಲಿಲ್ಲ. ಉಸಿರೇ ಬರುತ್ತಿರಲಿಲ್ಲ. ಪೆಂಡುರ್ತಿಯ ಹಿಂದಿನ ಗುಡ್ಡ ಕೆಳಗೆ ನಿಂತು ನೋಡಿದರೆ ಸಾಧು ಪ್ರಾಣಿ. ಹತ್ತಲು ಶುರು ಮಾಡಿದ ಮೇಲೆ ಅದರ ಗುಣ ಗೊತ್ತಾಗುತ್ತದೆ. ಗೇರು ಮರಗಳ ನಡುವೆ ಒಂದೇ ಕಾಲುದಾರಿ, ಹೆಜ್ಜೆಯಿಟ್ಟಲ್ಲೆಲ್ಲ ಜಾರುವ ಹರಳು, ಮೇಲೆ ವಿಶಾಖಪಟ್ಟಣದ ಬೆವರಿಳಿಸುವ ಬಿಸಿಲು. ನನ್ನ ಬಲಮೊಣಕಾಲು ಅರ್ಧ ದಾರಿಯಲ್ಲೇ ಮುಷ್ಕರ ಹೂಡಿತ್ತು.

ನಮ್ಮ ಮುಂದೆ ಧನಂಜಯ ನಡೆಯುತ್ತಿದ್ದರು. ಉಡುಪಿ ಕಡೆಯವರು, ಬ್ಯಾಂಕ್ ಅಧಿಕಾರಿ, ಎರಡು ವರ್ಷದ ಹಿಂದೆ ವಿಜಯವಾಡದಿಂದ ಇಲ್ಲಿಗೆ ವರ್ಗವಾಗಿ ಬಂದವರು. ಶಿಳ್ಳೆ ಹಾಕಿಕೊಂಡು, ಬಾಗಿದ ಕೊಂಬೆಗಳನ್ನು ನಮಗಾಗಿ ಎತ್ತಿ ಹಿಡಿಯುತ್ತಾ, ಸ್ವಂತ ತೋಟ ತೋರಿಸುವವರಂತೆ ಹೋಗುತ್ತಿದ್ದರು. ಇಂಥ ಮನುಷ್ಯನನ್ನು ಅನುಮಾನಿಸಲು ನಾವು ವಿಜಯವಾಡದಿಂದ ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದಿದ್ದೆವಲ್ಲ ಎಂದು ನನಗೇ ನಾಚಿಕೆಯಾಯಿತು.

ಆದರೆ ಬೇರೆ ದಾರಿ ಇರಲಿಲ್ಲ. ಹೋದ ಭಾನುವಾರ ವಿಜಯವಾಡದ ಹತ್ತಿರದ ಕೊಂಡಪಲ್ಲಿ ಗುಡ್ಡದ ತುದಿಯ ಬಂಡೆಯಿಂದ ನಮ್ಮ ಗೆಳೆಯ ಅರವಿಂದರು ಕೆಳಗೆ ಬಿದ್ದು, ಅಂದಿನಿಂದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ತಳ್ಳಿದವನು ಸುಮಂತ್ ಎಂದು ಪೊಲೀಸರು ನಂಬಿದ್ದರು.

ಸುಮಂತ್ ನನ್ನ ಅಕ್ಕನ ಮಗ. ಅಚ್ಯುತಾಪುರಂನ ಒಂದು ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟ್, ರಜೆಯಲ್ಲಿ ವಿಜಯವಾಡದ ನಮ್ಮ ಮನೆಗೆ ಬಂದಿದ್ದ. ಅರವಿಂದರ ಒಬ್ಬಳೇ ಮಗಳು ಮಾನಸಳನ್ನು ಮದುವೆಯಾಗಬೇಕೆಂದಿದ್ದ. ಅರವಿಂದರು ಮಾತ್ರ “ದಿನವಿಡೀ ರಾಸಾಯನಿಕದ ಹೊಗೆ ಕುಡಿಯೋನಿಗೆ ಮಗಳನ್ನ ಕೊಡಲ್ಲ” ಎಂದು ಹಟ ಹಿಡಿದಿದ್ದರು. ಆ ಭಾನುವಾರ ಇಬ್ಬರೂ ಕೂಡಿ ಗುಡ್ಡ ಹತ್ತಲು ಹೊರಟಿದ್ದು ನಿಜ. ದಾರಿಯಲ್ಲಿ ಜಗಳವಾಗಿದ್ದೂ ನಿಜ. ಅರ್ಧಕ್ಕೇ, ಕೆರೆಯ ಹತ್ತಿರದಿಂದಲೇ, ತಾನು ಇಳಿದು ಬಂದೆ ಎಂದು ಹುಡುಗ ಹೇಳುತ್ತಿದ್ದ. ಅದಕ್ಕೆ ಸಾಕ್ಷಿ ಯಾರೂ ಇರಲಿಲ್ಲ. ಮಾನಸ ತಾನು ಮನೆಯಲ್ಲೇ ಇದ್ದೆ, ತನಗೇನೂ ಗೊತ್ತಿಲ್ಲ ಎಂದು ಅಳುತ್ತಿದ್ದಳು.

“ಸಾಯಂತ್ರಂ ವರಕೇ, ಅಮ್ಮಾ,” ಎಂದಿದ್ದರು ಇನ್ಸ್‌ಪೆಕ್ಟರ್ ರಾಜ್ಯಲಕ್ಷ್ಮಿ. ಇವತ್ತು ಸಂಜೆಯವರೆಗೆ ಮಾತ್ರ. ಅಷ್ಟರೊಳಗೆ ತುದಿಯಲ್ಲಿ ಇನ್ನೊಬ್ಬರು ಇದ್ದರೆಂದು ತೋರಿಸದಿದ್ದರೆ ಸುಮಂತನನ್ನು ಬಂಧಿಸುತ್ತಾರೆ. ನನ್ನ ಅಕ್ಕ ಹುಬ್ಬಳ್ಳಿಯಿಂದ ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟು ಬರೀ ಅಳುತ್ತಿದ್ದಳು. ಆ ಹುಡುಗನಿಗೆ ಸೈಕಲ್ ಕಲಿಸಿದವನು ನಾನು. ಅವನ ಕೈಗೆ ಬೇಡಿ ಬೀಳುವುದನ್ನು ನೋಡುವುದು ನನ್ನಿಂದ ಆಗದ ಮಾತು.

ವಿಜಯಲಕ್ಷ್ಮೀ ಬ್ಯಾಂಕಿನ ವಿಚಕ್ಷಣಾ ವಿಭಾಗದವಳು. ಕಳ್ಳರನ್ನು ಹಿಡಿಯುವುದಕ್ಕೇ ಅವಳಿಗೆ ಸಂಬಳ. ನಾನು ರಮಾಕಾಂತ, ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಅವಳಿಗೆ ವರ್ಗವಾದಲ್ಲೆಲ್ಲ ಒಲೆ, ಲಟ್ಟಣಿಗೆ ಹೊತ್ತುಕೊಂಡು ಹೋಗುವುದು ಈಗ ನನ್ನ ಉದ್ಯೋಗ. ಹೀಗಾಗಿ ನಮ್ಮ ಮನೆಯಲ್ಲಿ ಪತ್ತೇದಾರಿಕೆ ಅವಳದು, ಅಡುಗೆ ನನ್ನದು. ಈ ಪ್ರಕರಣದಲ್ಲಿ ಎರಡೂ ಕೂಡಿ ಬಂದಿದ್ದವು.

“ಇನ್ನು ಒಂದೇ ಏರು, ರಮಾಕಾಂತರೇ!” ಧನಂಜಯ ಕೂಗಿದರು. “ಮೇಲೆ ಹೋದ್ರೆ ಎಂತಾ ಗಾಳಿ ಉಂಟು ಗೊತ್ತುಂಟಾ?”

“ಗಾಳಿ ಬ್ಯಾಡ್ರೀ, ಒಂದು ಕುರ್ಚಿ ಇದ್ರ ಹೇಳ್ರಿ,” ಎಂದೆ.

ವಿಜಯಲಕ್ಷ್ಮೀ ನಕ್ಕು ಕೈ ಚಾಚಿದಳು. ಮದುವೆಯಾಗಿ ಇಷ್ಟು ವರ್ಷಗಳ ಮೇಲೂ ಅವಳು ಹಾಗೆ ಕೈ ಚಾಚಿದರೆ ನನ್ನ ಮೊಣಕಾಲು ನೋವು ಮರೆಯುತ್ತದೆ. ಹಿಡಿದುಕೊಂಡು ಹತ್ತಿದೆ.

ತುದಿಯಲ್ಲಿ ಚಪ್ಪಟೆ ಬಂಡೆಯಿತ್ತು. ಒಂದು ಕಡೆ ಪೆಂಡುರ್ತಿಯ ಹೊಸ ಮನೆಗಳು, ಇನ್ನೊಂದು ಕಡೆ ಕಾಡು ತುಂಬಿದ ಗುಡ್ಡದ ಸಾಲು, ಅದರಾಚೆ ದೂರದಲ್ಲಿ ಸಮುದ್ರದ ಒಂದು ಬಿಳಿ ಗೆರೆ. ನಾನು ಕೂತೆ ಅನ್ನುವುದಕ್ಕಿಂತ ಬಿದ್ದೆ ಅಂದರೆ ಸರಿ.

ವಿಜಯಲಕ್ಷ್ಮೀ ಏನೂ ಮಾತಾಡಲಿಲ್ಲ. ಚೀಲ ಬಿಚ್ಚಿ ನಮ್ಮ ಸ್ಟೀಲ್ ಡಬ್ಬಿಯನ್ನು ತೆಗೆದು ಧನಂಜಯರ ಮುಂದಿಟ್ಟಳು. ಅಷ್ಟೇ.

ಧನಂಜಯ ಯೋಚನೆ ಮಾಡಲೇ ಇಲ್ಲ. ಸಮುದ್ರದ ಕಡೆ ಕಣ್ಣಿಟ್ಟು ಏನೋ ಹೇಳುತ್ತಲೇ, ತಮ್ಮ ಡಬ್ಬಿಯನ್ನು ಅವಳ ಕಡೆ ಸರಿಸಿ, ನಮ್ಮದನ್ನು ಎಳೆದುಕೊಂಡು ಮುಚ್ಚಳ ತೆಗೆದರು.

ಇದು ನಮ್ಮ ಬಳಗದ ಪದ್ಧತಿ. ವಿಜಯವಾಡದ ಕನ್ನಡಿಗರು ಕೂಡಿ ಮಾಡಿಕೊಂಡ ಗುಡ್ಡ ಹತ್ತುವ ಬಳಗಕ್ಕೆ ಈ ನಿಯಮ ಹಾಕಿದವರು ಅರವಿಂದರೇ. ತುದಿಯಲ್ಲಿ ತನ್ನ ಡಬ್ಬಿಯನ್ನು ತಾನು ತೆರೆಯಬಾರದು, ಪಕ್ಕದವರಿಗೆ ಕೊಟ್ಟು ಅವರದನ್ನು ತೆಗೆದುಕೊಳ್ಳಬೇಕು. ಖಾಲಿ ಡಬ್ಬಿಯನ್ನು ಮನೆಗೊಯ್ದು ತೊಳೆದು ಮುಂದಿನ ಭಾನುವಾರ ತಿರುಗಿ ಕೊಡಬೇಕು. “ಅವರವರ ಮನೆ ಊಟವನ್ನೇ ತಿನ್ನೋದಾದ್ರೆ ಇಷ್ಟು ಎತ್ತರ ಯಾಕೆ ಹತ್ತಬೇಕು? ಅಡುಗೆಮನೇಲೇ ಕೂತ್ಕೊಳ್ಳಿ,” ಎನ್ನುತ್ತಿದ್ದರು. ನಿಯಮಕ್ಕೆ ಇನ್ನೊಂದು ಬಾಲವೂ ಇತ್ತು. ತುದಿ ಮುಟ್ಟುವ ಮೊದಲು ಬದಲಾಯಿಸಿದರೆ ಅದು ಲೆಕ್ಕಕ್ಕಿಲ್ಲ. ದಾರಿಯಲ್ಲಿ ಎಷ್ಟೇ ಹಸಿದರೂ ಡಬ್ಬಿ ಕೈ ಬಿಟ್ಟು ಹೋಗುವಂತಿಲ್ಲ.

ವಿಜಯಲಕ್ಷ್ಮೀ ಹಸಿರು ಕ್ಲಿಪ್ಪು ಬಿಚ್ಚಿ ಧನಂಜಯರ ಡಬ್ಬಿ ತೆರೆದಳು. ಬಾಳೆಹಣ್ಣಿನ ಘಮ ಬಂತು. ಒಳಗೆ ಕೆಂಪಗೆ ಉಬ್ಬಿದ ಬನ್ಸ್.

“ಶ್ರೀರಕ್ಷಾ ಅವರು ಮಾಡಿದ್ದೇನು?” ಎಂದು ಧನಂಜಯರ ಹೆಂಡತಿಯ ಹೆಸರು ಹಿಡಿದು ಕೇಳಿದಳು.

“ಹೌದು ಮೇಡಂ, ಅವಳೇ ಮಾಡಿದ್ದು. ನಮ್ಮ ಮನೆಯಲ್ಲಿ ಬನ್ಸ್ ಇಲ್ಲದೆ ಯಾರೂ ಹೊಸ್ತಿಲು ದಾಟುವ ಹಾಗಿಲ್ಲ.”

ಅವಳು ಫೋನ್ ತೆಗೆದು ಒಂದು ಫೋಟೋ ತೋರಿಸಿದಳು. ಇನ್ಸ್‌ಪೆಕ್ಟರ್ ನಮಗೆ ತೋರಿಸಿದ ಅರವಿಂದರ ಚೀಲ. ಅದರೊಳಗೆ ಇದೇ ತರಹದ ಡಬ್ಬಿ, ಪಕ್ಕದಲ್ಲಿ ಇದೇ ಹಸಿರು ಕ್ಲಿಪ್ಪು. ಡಬ್ಬಿಯೊಳಗೆ ಉಳಿದಿದ್ದ ಎರಡು ಬನ್ಸ್. ಪೊಲೀಸರು ಅದನ್ನು ಅರವಿಂದರ ಸ್ವಂತ ತಿಂಡಿ ಎಂದುಕೊಂಡಿದ್ದರು. ಮೈಸೂರಿನ ಅರವಿಂದರು ಹುಟ್ಟಿದಾಗಿನಿಂದ ಪುಳಿಯೋಗರೆ ಬಿಟ್ಟು ಬೇರೆ ಏನನ್ನೂ ಕಟ್ಟಿಕೊಂಡು ಹೋದವರಲ್ಲ ಎಂದು ಅವರಿಗೇನು ಗೊತ್ತು? ಆ ಬನ್ಸ್ ನೋಡಿ ಎದ್ದು ಕೂತವನು ನಾನೇ.

“ನೀವು ಎರಡು ವರ್ಷದಿಂದ ಕೊಂಡಪಲ್ಲಿ ಕಡೆ ಹೋಗೇ ಇಲ್ಲ ಅಂತ ಫೋನಿನಾಗ ಹೇಳಿದ್ರಿ,” ವಿಜಯಲಕ್ಷ್ಮೀಯ ದನಿ ಮೆತ್ತಗೇ ಇತ್ತು. “ಇವು ಎರಡು ವರ್ಷದ ಹಿಂದಿನ ಬನ್ಸ್ ಆಗಿದ್ರ ಅರವಿಂದ ಅವನ್ನ ಚೀಲದಾಗ ಇಟ್ಕೋತಿದ್ದಿಲ್ಲ, ಮ್ಯೂಸಿಯಂಗೆ ಕೊಡ್ತಿದ್ರು. ಡಬ್ಬಿ ಬದಲಾಗೋದು ತುದಿಯೊಳಗ. ಹೌದಲ್ರೀ?”

ಧನಂಜಯರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಅವರು ನಮ್ಮ ಡಬ್ಬಿಯನ್ನು ನೋಡಿದರು. ತಮ್ಮದನ್ನು ನೋಡಿದರು. ತಾನು ಏನು ಮಾಡಿಬಿಟ್ಟೆ ಎಂದು ಆಗ ಹೊಳೆಯಿತು.

“ಮಾರಾಯ್ರೆ...” ಎಂದರು.

ನನಗೆ ತಡೆಯಲಾಗಲಿಲ್ಲ. “ಅಲ್ರೀ, ನಿಮಗ ಮನಸ್ಸು ಅನ್ನೋದು ಅದನೋ ಇಲ್ಲೋ? ನಮ್ಮ ಹುಡುಗ ವಾರದಿಂದ ಅನ್ನ ಬಿಟ್ಟು ದವಾಖಾನಿ ಕಟ್ಟಿಮ್ಯಾಲೆ ಕೂತಾನ! ನಮ್ಮಕ್ಕ ಅಲ್ಲಿ ಅಳಲಿಕ್ಕೆ ಹತ್ತ್ಯಾಳ! ನೀವು ಇಲ್ಲಿ ಶಿಳ್ಳಿ ಹೊಡ್ಕೊಂತ ನಮಗ ಗುಡ್ಡಾ ತೋರಸ್ತೀರಿ!”

“ರೀ,” ಎಂದಳು ವಿಜಯಲಕ್ಷ್ಮೀ. ಸುಮ್ಮನಾದೆ.

ಧನಂಜಯ ಕಣ್ಣು ಒರೆಸಿಕೊಂಡರು. ಅಷ್ಟು ದೊಡ್ಡ ಮನುಷ್ಯ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುವುದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು. ಇದೇ ನನ್ನ ದೌರ್ಬಲ್ಯ. ಹೆಂಡತಿ ಇದಕ್ಕೇ ನನ್ನನ್ನು ಯಾವ ವಿಚಾರಣೆಗೂ ಕರೆದುಕೊಂಡು ಹೋಗುವುದಿಲ್ಲ.

“ಹೋಗಿದ್ದೆ,” ಎಂದರು. “ಅವತ್ತು ಅವನನ್ನು ನೋಡಿದ್ದೂ ಹೌದು. ದೇವರಾಣೆ, ನಾನು ತಳ್ಳಲಿಲ್ಲ ಮೇಡಂ. ಅವನ ಹತ್ತಿರ ರಾಜಿ ಮಾಡ್ಕೊಳ್ಳಲಿಕ್ಕೆ ಹೋದದ್ದು ನಾನು.”

“ಎದರ ರಾಜಿ?”

“ಇದರದ್ದೇ,” ಎಂದು ಡಬ್ಬಿ ತೋರಿಸಿದರು.

ಆಗ ನನಗೆ ನೆನಪಾಯಿತು. ಎರಡು ವರ್ಷದ ಹಿಂದೆ ಕೊಂಡಪಲ್ಲಿಯ ಬಂಡೆಯ ಮೇಲೆ ಅರವಿಂದರು ಶ್ರೀರಕ್ಷಾ ಮಾಡಿದ ಬನ್ಸ್ ಕಚ್ಚಿ, “ಧನು, ಇದನ್ನ ಬೌಲಿಂಗ್ ಮಾಡ್ಬಹುದು ಕಣೋ,” ಎಂದಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಶ್ರೀರಕ್ಷಾ ನಗಲಿಲ್ಲ. ಅಡುಗೆ ಮಾಡುವವನಾಗಿ ಅವತ್ತೇ ನನಗೆ ಗೊತ್ತಾಗಬೇಕಿತ್ತು, ಇದು ನಗುವ ಮಾತಲ್ಲ ಎಂದು. ಸ್ವಲ್ಪ ದಿನದಲ್ಲೇ ಧನಂಜಯ ತಾವಾಗಿಯೇ ವರ್ಗ ಕೇಳಿಕೊಂಡು ವಿಶಾಖಪಟ್ಟಣಕ್ಕೆ ಬಂದುಬಿಟ್ಟಿದ್ದರು.

“ನಮ್ಮ ಮನೆಯಲ್ಲಿ ಅವನ ಹೆಸರು ಎತ್ತುವ ಹಾಗಿಲ್ಲ,” ಧನಂಜಯ ಹೇಳಿದರು. “ಆದರೆ ನನಗೆ ಅವನನ್ನು ಬಿಟ್ಟು ಯಾರಿದ್ದಾರೆ ಹೇಳಿ? ಈ ಊರಲ್ಲಿ ಮಾತಾಡಲಿಕ್ಕೆ ಜನ ಬೇಕಾದಷ್ಟು ಉಂಟು. ಬೈಯಲಿಕ್ಕೆ ಒಬ್ಬ ಬೇಕಲ್ಲ? ಅವನೇ ಫೋನ್ ಮಾಡಿದ, ಭಾನುವಾರ ತುದಿಗೆ ಬಾ, ಬನ್ಸ್ ತಕೊಂಡು ಬಾ ಅಂತ. ಶ್ರೀರಕ್ಷಾಳಿಗೆ ರಾಜಮಂಡ್ರಿಯಲ್ಲಿ ಬ್ಯಾಂಕಿನ ಕೆಲಸ ಅಂತ ಹೇಳಿ ಹೋದೆ. ಇಬ್ರಾಹಿಂಪಟ್ಟಣದ ಕಡೆಯ ದಾರಿಯಿಂದ ಹತ್ತಿದೆ, ಅದರಲ್ಲೇ ಇಳಿದೆ. ಹಾಗಾಗಿ ನಿಮ್ಮ ಹುಡುಗ ನನ್ನ ಕಣ್ಣಿಗೆ ಬೀಳಲಿಲ್ಲ.”

“ಅರವಿಂದ ಹೆಂಗಿದ್ರು?”

“ಬನ್ಸ್ ತಿಂದ, ಚೆನ್ನಾಗುಂಟು ಅಂದ. ಶ್ರೀರಕ್ಷಾಳ ಹತ್ತಿರ ತಾನೇ ಬಂದು ಕ್ಷಮೆ ಕೇಳ್ತೇನೆ ಅಂದ. ಇಬ್ಬರೂ ತಬ್ಬಿಕೊಂಡೆವು ಮೇಡಂ. ನನಗೆ ರೈಲು ಹಿಡಿಯಲಿಕ್ಕಿತ್ತು, ಹೊರಟೆ. ತಿರುಗಿ ನೋಡಿದಾಗ ಬಂಡೆಯ ಮೇಲೆ ನಿಂತು ಕೈ ಬೀಸುತ್ತಿದ್ದ. ಮರುದಿನ ಬಿದ್ದ ಸುದ್ದಿ ಬಂತು. ನಾನೇ ಕೊನೆಗೆ ನೋಡಿದ್ದು ಅಂದರೆ ಯಾರು ನಂಬ್ತಾರೆ? ಹೆದರಿದೆ. ಆ ಹುಡುಗನ ತಲೆ ಮೇಲೆ ಬಂತು ಅಂತ ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ನಾಯಿ ಬುದ್ಧಿ.”

ವಿಜಯಲಕ್ಷ್ಮೀ ನೀರಿನ ಬಾಟಲಿ ಅವರ ಕೈಗಿತ್ತಳು. ಅವರ ಮಾತನ್ನು ನಂಬಿದ್ದಾಳೆ ಎಂದು ನನಗೆ ಗೊತ್ತಾಯಿತು. ನಂಬದವರಿಗೆ ಅವಳು ನೀರು ಕೊಡುವುದಿಲ್ಲ.

ನನಗಂತೂ ಕುಣಿಯುವಷ್ಟು ಖುಷಿಯಾಯಿತು. ಸುಮಂತ್ ಇಳಿದು ಹೋದ ಮೇಲೂ ಅರವಿಂದರು ತುದಿಯಲ್ಲಿ ನೆಟ್ಟಗೆ ನಿಂತಿದ್ದರು, ಕೈ ಬೀಸಿದ್ದರು, ಬನ್ಸ್ ತಿಂದಿದ್ದರು! ಇದನ್ನು ಧನಂಜಯ ಇನ್ಸ್‌ಪೆಕ್ಟರಿಗೆ ಹೇಳಿದರೆ ಸಾಕು, ಹುಡುಗ ಪಾರು. “ವಿಜಿ, ಮೊದಲು ನಮ್ಮಕ್ಕಗ ಫೋನ್ ಹಚ್ಚು,” ಎಂದೆ.

“ತಡೀರಿ,” ಎಂದಳು. ಅವಳ ಹುಬ್ಬು ಗಂಟಿಕ್ಕಿತ್ತು. “ಧನಂಜಯ ಅವರೇ, ನಿಮ್ಮ ಡಬ್ಬಿ ಅರವಿಂದರ ಕಡೆ ಹೋತು. ಅವರು ನಿಮಗ ಕೊಟ್ಟ ಡಬ್ಬಿ ಎಲ್ಲ್ಯದ?”

“ನನ್ನ ಬ್ಯಾಗಿನಲ್ಲೇ ಉಂಟು. ಮನೆಯಲ್ಲಿಟ್ಟರೆ ಶ್ರೀರಕ್ಷಾ ಯಾರದ್ದು ಅಂತ ಕೇಳ್ತಾಳಲ್ಲ. ಎಸೆಯಲಿಕ್ಕೆ ಮನಸ್ಸು ಬರಲಿಲ್ಲ. ಅವನು ಕೊಟ್ಟದ್ದಲ್ವಾ?”

“ಅದರಾಗ ಪುಳಿಯೋಗರೆ ಇತ್ತೇನು?”

“ಅದೇ ಒಂದು ಆಶ್ಚರ್ಯ ಮೇಡಂ. ಪುಳಿಯೋಗರೆ ಇರಲಿಲ್ಲ. ನಾನು ತುದಿ ಮುಟ್ಟುವಾಗಲೇ ಅವನ ಕೈಯಲ್ಲಿ ಬೇರೆಯವರ ಡಬ್ಬಿ ಇತ್ತು. ಇನ್ನೂ ತೆರೆದಿರಲಿಲ್ಲ. ಅದನ್ನೇ ನನಗೆ ಕೊಟ್ಟ. ಅತ್ತ ಹಾಗೆ ಕಣ್ಣು ಕೆಂಪಾಗಿತ್ತು. ‘ನನಗಿಂತ ಮೊದಲು ಯಾರು ಬಂದಿದ್ರು?’ ಅಂತ ಕೇಳಿದೆ. ‘ನನ್ನ ಬಾಯಿಂದ ಹೇಳಿಸ್ಬೇಡ ಕಣೋ ಧನು,’ ಅಂದ.”

ಅವರು ಬ್ಯಾಗಿನ ತಳದಿಂದ ಡಬ್ಬಿ ತೆಗೆದು ಬಂಡೆಯ ಮೇಲಿಟ್ಟರು.

ಅದು ನಮ್ಮ ಅಡುಗೆಮನೆಯ ಡಬ್ಬಿ, ಮುಚ್ಚಳ ತೆರೆಯುವ ಅಗತ್ಯವೇ ನನಗಿರಲಿಲ್ಲ. ಆದರೂ ವಿಜಯಲಕ್ಷ್ಮೀ ತೆರೆದಳು. ಧನಂಜಯ ತಿಂದು ಉಳಿಸಿದ ಒಂದು ತುಂಡು ಕಟಕ್ ರೊಟ್ಟಿ. ಮೂಲೆಯಲ್ಲಿ ಸಣ್ಣ ಬಟ್ಟಲಿನಲ್ಲಿ ಗುರೆಳ್ಳು ಚಟ್ನಿಪುಡಿ. ಆ ಬಟ್ಟಲು ನಮ್ಮ ಮನೆಯ ಅರಿಶಿಣದ ಬಟ್ಟಲು. ಬೇರೆ ಸಣ್ಣ ಬಟ್ಟಲು ಸಿಗದೆ ಅದನ್ನೇ ತೊಳೆದು ಚಟ್ನಿ ತುಂಬಿ ಕಳಿಸಿದ್ದೆ. ಅಂಚಿನಲ್ಲಿ ಹಳದಿ ಕಲೆ ಇನ್ನೂ ಇತ್ತು.

“ಏನ್ರೀ,” ಎಂದಳು ವಿಜಯಲಕ್ಷ್ಮೀ ನನ್ನ ಮುಖ ನೋಡುತ್ತಾ. ಅವಳಿಗೂ ಗೊತ್ತಾಗಿತ್ತು. ಆದರೂ ಕೇಳಿದಳು. “ಯಾರ ಕೈ ಅಡಗಿ ಇದು?”

ಗೊತ್ತಿಲ್ಲ ಎಂದುಬಿಡಬಹುದಿತ್ತು. ವಿಜಿಯನ್ನು ಬಿಟ್ಟರೆ ಇದು ನನ್ನ ಕೈಯದೆಂದು ಇನ್ಯಾರಿಗೆ ಗೊತ್ತು? ಒಂದು ಕ್ಷಣ ಹಾಗೆ ಹೇಳಲು ಹೊರಟೆ ಕೂಡ.

“ನಂದು,” ಎಂದೆ. “ಸುಮಂತಗ ಕಟ್ಟಿ ಕೊಟ್ಟಿದ್ದೆ.”

ಹಾಗಾದರೆ ಸುಮಂತ್ ಸುಳ್ಳು ಹೇಳಿದ್ದ. ಕೆರೆಯ ಹತ್ತಿರದಿಂದ ತಿರುಗಿ ಬಂದವನ ಡಬ್ಬಿ ತುದಿಯಲ್ಲಿ ಬದಲಾಗುವುದು ಹೇಗೆ? ನಾವು ಯಾವ ಪದ್ಧತಿಯನ್ನು ಹಿಡಿದುಕೊಂಡು ಅವನನ್ನು ಬಿಡಿಸಲು ಇಷ್ಟು ದೂರ ಬಂದಿದ್ದೆವೋ, ಅದೇ ಅವನನ್ನು ಬಂಡೆಯ ಮೇಲೆ ತಂದು ನಿಲ್ಲಿಸಿತ್ತು. ಕಣ್ಣಲ್ಲಿ ನೀರು ಬಂತು. ಸುಮಂತನ ಮೇಲೆ ಸಿಟ್ಟೂ ಬಂತು. ಹುಚ್ಚಪ್ಪಾ, ನನ್ನ ಮುಂದಾದರೂ ಖರೇ ಹೇಳಬಾರದಿತ್ತೇ?

ಅವನಿಗೆ ಫೋನ್ ಹಚ್ಚಿದೆ. ಸ್ಪೀಕರ್ ಒತ್ತಿದವಳು ವಿಜಯಲಕ್ಷ್ಮೀ.

“ಸುಮಂತ್, ಮಾಮಾನ ಮುಂದ ಸುಳ್ಳು ಹೇಳಬ್ಯಾಡ. ಅವತ್ತ ನೀ ತುದೀಗೆ ಹೋಗಿದ್ಯೋ ಇಲ್ಲೋ?”

“ಇಲ್ಲ ಮಾಮಾ. ಎಷ್ಟ್ ಸಲಾ ಹೇಳಲಿ?”

“ಮತ್ತ ನಾ ಕಟ್ಟಿದ ರೊಟ್ಟಿ ಡಬ್ಬಿ ಹೆಂಗ ಹೋತೋ? ನನ್ನ ಮುಂದ ಅದ ಅದು. ಗುರೆಳ್ಳು ಚಟ್ನಿ ಸಮೇತ ಅದ!”

ಆಸ್ಪತ್ರೆಯ ಪಡಸಾಲೆಯಲ್ಲಿ ಯಾರದೋ ತೆಲುಗು ಮಾತು ಮಾತ್ರ ಕೇಳಿಸುತ್ತಿತ್ತು.

“ಸುಮಂತ್?”

“ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡೇನಿ, ಮಾಮಾ.”

“ಯಾರಿಗೆ?”

“ನಾ ಕೆರಿ ಹತ್ರ ಜಗಳಾಡಿ ಹೊಳ್ಳಿ ಬರೋವಾಗ ಆಕಿ ಎದುರಿಗೆ ಬಂದ್ಲು. ‘ನಾನು ನಾನ್ನನ ಹತ್ರ ಮಾತಾಡ್ತೀನಿ, ನೀನು ಹೋಗು’ ಅಂದ್ಲು. ಏನೂ ತಿಂದಿದ್ದಿಲ್ಲ ಪಾಪ, ಮುಖ ಬಾಡಿತ್ತು. ಅದಕ್ಕ ನನ್ನ ಡಬ್ಬಿ ಆಕಿ ಕೈಗೆ ಕೊಟ್ಟೆ. ನಿಯಮ ಗಿಯಮ ನೆನಪಾಗಲಿಲ್ಲ ಮಾಮಾ. ಹಸದಾಳ ಅಂತ ಅಷ್ಟ ಅನಿಸ್ತು.”

ಮಾನಸ. ತಂದೆಯನ್ನು ‘ನಾನ್ನ’ ಎಂದು ಕರೆಯುವ, ವಿಜಯವಾಡದಲ್ಲೇ ಹುಟ್ಟಿ ಬೆಳೆದ ನಮ್ಮ ಮಾನಸ. ಆ ಬೆಳಿಗ್ಗೆ ಮನೆಯಲ್ಲೇ ಇದ್ದೆ ಎಂದು ನನ್ನ ಹೆಂಡತಿಯ ಭುಜದ ಮೇಲೆ ತಲೆಯಿಟ್ಟು ಅತ್ತವಳು. ಬಳಗದಲ್ಲೇ ಬೆಳೆದ ಹುಡುಗಿ, ಹಸಿದಿದ್ದರೂ ಡಬ್ಬಿ ತೆರೆಯದೆ ತುದಿಗೆ ಒಯ್ದು ಅಪ್ಪನ ಡಬ್ಬಿಯ ಜೊತೆ ಬದಲಾಯಿಸಿದ್ದಳು. ಪ್ರೀತಿಯಿಂದಲೇ ಬದಲಾಯಿಸಿರಬೇಕು. ಆಮೇಲೆ ಅವರಿಬ್ಬರ ನಡುವೆ ಏನು ನಡೆಯಿತು? ಧನಂಜಯ ಬಂದು ಹೋಗುವವರೆಗೆ ಅವಳು ಎಲ್ಲಿದ್ದಳು? ಅವರು ಹೋದ ಮೇಲೆ ಮತ್ತೆ ಬಂಡೆಗೆ ಬಂದಳೇ?

ಧನಂಜಯ ಎದ್ದು ನಿಂತಿದ್ದರು. “ಅವಳನ್ನು ನಾನು ಎತ್ತಿ ಆಡಿಸಿದ್ದೇನೆ ಮೇಡಂ,” ಎಂದರು.

ವಿಜಯಲಕ್ಷ್ಮೀ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. “ಸುಮಂತ್, ಮಾಮಿ ಮಾತಾಡೋದು. ಮಾನಸ ಈಗ ಎಲ್ಲಿದ್ದಾಳ?”

“ಅವರಪ್ಪನ ಕೋಣ್ಯಾಗ, ಮಾಮಿ. ನಿನ್ನೆ ಐಸಿಯುನಿಂದ ಹೊರಗ ತಂದ್ರಲ್ಲ, ಅಲ್ಲೇ. ನಿಮಗ ಹೇಳಬೇಕಂತನ ಇದ್ದೆ. ಅಂಕಲ್‌ಗ ಈಗಷ್ಟೇ ಎಚ್ಚರಾತು. ಬಾಗಲಾ ಸ್ವಲ್ಪ ತೆಗೆದಿತ್ತು, ನಾ ನೋಡಿದೆ. ಕಣ್ಣ ಬಿಟ್ಟು ಏನೋ ಹೇಳಲಿಕ್ಕೆ ಹತ್ತಿದ್ರು.”

“ಡಾಕ್ಟರ್ ಅದಾರೇನು ಒಳಗ? ನರ್ಸ್?”

“ಯಾರೂ ಇಲ್ಲ. ಆಕಿ ಒಬ್ಬಾಕೀನ ಅದಾಳ. ಡಾಕ್ಟರ್‌ನ ಕರೀತೀನಿ ಅಂದೆ, ಮಾಮಿ. ಬ್ಯಾಡ ಅಂತ ಅಂದು ಒಳಗಿಂದ ಚಿಲಕಾ ಹಾಕ್ಕೊಂಡ್ಲು.”